ಪೆನ್‌ಡ್ರೈವ್ ಕವರ್ ಮೇಲಿನ ಆ 150

"ಸಾರ್, ಹೊಸ ಪೆನ್‌ಡ್ರೈವ್. ಕವರ್ ಮೇಲೆ 150 ಎಂಬಿ ಸ್ಪೀಡ್ ಅಂತಿದೆ. ಆದ್ರೂ ಕಾರಿನ ಡ್ಯಾಶ್‌ಕ್ಯಾಮ್ ರೆಕಾರ್ಡಿಂಗ್ ಮಧ್ಯೆ ಮಧ್ಯೆ ನಿಲ್ತಿದೆ. ಕ್ಯಾಮೆರಾ ಬದಲಾಯಿಸಿ ಕೊಡಿ." ಗಿರಾಕಿಗಳಿಂದ ಈ ಮಾತು ಕೇಳದ ವಾರವಿಲ್ಲ. ಆ 150 ಓದುವ ವೇಗವೋ, ಬರೆಯುವ ವೇಗವೋ ಎಂದು ಯಾರೂ ನೋಡಿರುವುದಿಲ್ಲ.

ಕವರ್ ಮೇಲೆ ದೊಡ್ಡದಾಗಿ ಹಾಕುವುದು ಸಾಮಾನ್ಯವಾಗಿ ಓದುವ ವೇಗ. ರಸ್ತೆಯ ದೃಶ್ಯ ಹಿಡಿಯುವ ಡ್ಯಾಶ್‌ಕ್ಯಾಮ್ ಗಾಡಿ ಶುರುವಾದಾಗಿನಿಂದ ಬರೆಯುತ್ತಲೇ ಇರುತ್ತದೆ. ಅದಕ್ಕೆ ಬೇಕಾದ ವೇಗವೇನೂ ಜಾಸ್ತಿಯಲ್ಲ. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ 16 ಮೆಗಾಬಿಟ್‌ನ ವಿಡಿಯೋ ಅಂದರೆ 2 ಮೆಗಾಬೈಟ್ ಅಷ್ಟೇ. ಹಲವು ಕ್ಯಾಮೆರಾ ಇರುವ ಟೆಸ್ಲಾ ಕಾರಿಗೂ ಕಂಪನಿ ಕೇಳುವುದು ಸೆಕೆಂಡಿಗೆ ಕನಿಷ್ಠ 4 ಮೆಗಾಬೈಟ್ ಬರೆಯುವ ಡ್ರೈವ್. ಆದರೆ ಆ 4 ಬಿಡದೆ ಸಿಗುತ್ತಿರಬೇಕು. ಎಲ್ಲರೂ ಎಡವುವುದು ಇಲ್ಲೇ.

ಅಗ್ಗದ ಪೆನ್‌ಡ್ರೈವ್ ಮೊದಲ ಸ್ವಲ್ಪ ಹೊತ್ತು ಚೆನ್ನಾಗಿ ಬರೆಯುತ್ತದೆ, ಆಮೇಲೆ ಕುಸಿಯುತ್ತದೆ. ಪೆನ್‌ಡ್ರೈವ್ ಒಳಗಿನ ಫ್ಲ್ಯಾಶ್ ಮೆಮೊರಿಯಲ್ಲಿ ಹಳೆಯದರ ಮೇಲೆ ನೇರವಾಗಿ ಬರೆಯಲು ಆಗುವುದಿಲ್ಲ. ಒಂದು ದೊಡ್ಡ ಬ್ಲಾಕ್ ಪೂರ್ತಿ ಅಳಿಸಬೇಕು, ಆಮೇಲೆ ಬರೆಯಬೇಕು. ಹಳೆಯ ವಿಡಿಯೋ ತೆಗೆದು ಹೊಸದು ಬರೆಯುತ್ತಾ ಹೋಗುವ ಡ್ಯಾಶ್‌ಕ್ಯಾಮ್ ಡ್ರೈವ್ ಯಾವಾಗಲೂ ಭರ್ತಿಯೇ ಇರುತ್ತದೆ ಅಲ್ವಾ? ಹಾಗಾಗಿ ಈ ಅಳಿಸುವ ಕೆಲಸ ಮುಗಿಯುವುದೇ ಇಲ್ಲ. ಅದರ ಮಧ್ಯೆ ಡ್ರೈವ್ ಕೆಲವು ಸೆಕೆಂಡು ತಡವರಿಸಿದರೆ ಸಾಕು, ಕ್ಯಾಮೆರಾ ದೃಶ್ಯವನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಪುಟ್ಟ ಬಫರ್ ತುಂಬಿ ದೃಶ್ಯ ಹೋಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಕಾವು ಸೇರಿದರೆ ಇನ್ನೂ ಕಷ್ಟ.

ಕ್ಯಾಬ್ ಓಡಿಸುವ ಅಣ್ಣ ಒಬ್ಬರು ಬಂದಿದ್ದರು. ಸಿಲ್ಕ್ ಬೋರ್ಡ್ ಹತ್ತಿರ ಬೈಕೊಂದು ಡೋರಿಗೆ ಉಜ್ಜಿತ್ತು, ಸರಿಯಾಗಿ ಆ ಹೊತ್ತಿನ ಕ್ಲಿಪ್ಪೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ಸಣ್ಣ ಫೈಲ್ ಹಾಕಿ ನೋಡಿ "ಡ್ರೈವ್ ಸರಿಯಿದೆ" ಅಂದುಕೊಂಡಿದ್ದರು. ನಾನು 30 ಜಿಬಿ ಒಟ್ಟಿಗೆ ಕಾಪಿಗೆ ಹಾಕಿದೆ. ವಿಂಡೋಸ್ ತೋರಿಸುವ ಗ್ರಾಫ್ ಮೊದಲು ಮೇಲಿತ್ತು. ಸ್ವಲ್ಪ ಹೊತ್ತಿಗೆ ಸೊನ್ನೆಗಿಳಿಯಿತು, ಎದ್ದಿತು, ಮತ್ತೆ ಇಳಿಯಿತು. ಪಾಪ, ಡೋರ್ ರಿಪೇರಿ ಖರ್ಚು ಅವರ ತಲೆಗೇ ಬಂತು. ದಿನದ ದುಡಿಮೆ ನಂಬಿದವರಿಗೆ ಹೀಗಾದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನೀವೂ ಹಾಗೇ ದೊಡ್ಡ ಕಾಪಿ ಹಾಕಿ ನೋಡಿ. ನಕಲಿ ಡ್ರೈವ್ ಅನುಮಾನವಿದ್ದರೆ, ಹೇಳಿದಷ್ಟು ಜಾಗ ನಿಜಕ್ಕೂ ಇದೆಯೇ ಎಂದು ಪರೀಕ್ಷಿಸುವ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಸಾಫ್ಟ್‌ವೇರ್ ಓಡಿಸಿ. ಬೇಕಾದ ವಿಡಿಯೋ ಮೊದಲೇ ಬೇರೆ ಕಡೆ ತೆಗೆದಿಟ್ಟುಕೊಳ್ಳಿ. ನಾನು ಸಾಮಾನ್ಯವಾಗಿ ಹೇಳುವುದು ಹೈ ಎಂಡ್ಯೂರೆನ್ಸ್, ಅಂದರೆ ಪದೇ ಪದೇ ಬರೆದರೂ ಬಾಳುವ ಮೈಕ್ರೋ ಎಸ್‌ಡಿ ಕಾರ್ಡ್, ಮೇಲೆ ವಿ30 ಗುರುತಿರಲಿ. ಅದು ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬಿಡದೆ ಬರೆಯುವ ಗುರುತು. ಯುಎಸ್‌ಬಿ ಪೋರ್ಟಿಗೆ ಹಾಕಲು ಒಳ್ಳೆಯ ಕಾರ್ಡ್ ರೀಡರ್ ತಗೊಳ್ಳಿ, ಕಳಪೆ ರೀಡರ್ ಆದರೆ ಕಾರ್ಡಿನ ದುಡ್ಡು ದಂಡ. ಎಷ್ಟು ಜಿಬಿವರೆಗೆ ಹಾಕಬಹುದು, ಯಾವ ಫಾರ್ಮ್ಯಾಟ್ ಅನ್ನುವುದನ್ನು ನಿಮ್ಮ ಕ್ಯಾಮೆರಾ ಮ್ಯಾನುಯಲ್‌ನಲ್ಲೇ ನೋಡಿ. ಒಂದೊಂದು ಮಾಡೆಲ್ ಒಂದೊಂದು ಥರ.

ಇಷ್ಟಾದ ಮೇಲೂ ರೆಕಾರ್ಡಿಂಗ್ ನಿಂತರೆ ಪೋರ್ಟು, ವೈರು ನೋಡೋಣ. ಕ್ಯಾಮೆರಾ ಕೆಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಬರುವಾಗ ಆ ಡ್ರೈವ್ ಕೂಡ ತನ್ನಿ.