ಕೆರೆ ತುಂಬಿದ ಮೇಲೂ ಬೋರ್‌ವೆಲ್‌ಗೆ ಮಿತಿ ಏಕೆ?

ಪ್ರಶ್ನೆ: ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ನೀರು) ಬಂದು ನಮ್ಮೂರ ಕೆರೆ ತುಂಬಿದೆ, ಬತ್ತಿದ್ದ ಬೋರ್‌ವೆಲ್‌ನಲ್ಲೂ ನೀರು ಬರುತ್ತಿದೆ. ಇನ್ನೂ ಹಿಡಿತದಲ್ಲಿ ಬಳಸಿ ಎನ್ನುವುದೇಕೆ?

ಕೋಲಾರದ ನೆಲದಡಿ ಇರುವುದು ಗಟ್ಟಿ ಕಲ್ಲು. ಬೋರ್ ಕೊರೆಯುವಾಗ ಲಾರಿಯ ಪಕ್ಕ ನಿಂತವರಿಗೆ ಗೊತ್ತು: ಮೊದಲು ಕೆಂಪು ಮಣ್ಣು, ಆಮೇಲೆ ಗಂಟೆಗಟ್ಟಲೆ ಬೂದು ಬಣ್ಣದ ಕಲ್ಲಿನ ಪುಡಿ. ಬಿರುಕೊಂದು ಸಿಕ್ಕಾಗ ಆ ಪುಡಿ ಒದ್ದೆಯಾಗುತ್ತದೆ, ನೋಡುತ್ತ ನಿಂತ ಮನೆಯವರ ಮುಖ ಅರಳುತ್ತದೆ. ನೀರು ಇರುವುದು ಆ ಬಿರುಕುಗಳಲ್ಲಿ. ಅದೇ ಬಿರುಕು ನೆರೆಯವರ ಹೊಲದಡಿಗೂ ಹಾದಿರುತ್ತದೆ.

ಈಗ ಲೆಕ್ಕ. ಜಿಲ್ಲೆಯ ಮಳೆ ವರ್ಷಕ್ಕೆ ಸುಮಾರು 700 ಮಿ.ಮೀ. ಹತ್ತರಲ್ಲಿ ಒಂದು ಪಾಲು ಅಂತರ್ಜಲ ಸೇರಿತು ಎಂದುಕೊಳ್ಳೋಣ, ಅಂದರೆ 70 ಮಿ.ಮೀ. ಬೇಸಿಗೆ ಭತ್ತಕ್ಕೆ ಸುಮಾರು 1,000 ಮಿ.ಮೀ. ನೀರು ಬೇಕು. ಒಂದಷ್ಟು ಮರಳಿ ಇಂಗಿದರೂ, ಒಂದು ಎಕರೆ ಭತ್ತಕ್ಕೆ ಎತ್ತುವುದು ಹದಿನಾಲ್ಕು ಎಕರೆಯಲ್ಲಿ ವರ್ಷವಿಡೀ ಇಂಗಿದ ನೀರು.

ಕೆ.ಸಿ. ವ್ಯಾಲಿ ಯೋಜನೆಯ ಗುರಿ ಬೆಂಗಳೂರಿನ ಸಂಸ್ಕರಿತ ನೀರನ್ನು ದಿನಕ್ಕೆ 44 ಕೋಟಿ ಲೀಟರ್ ತರುವುದು. ಒಂದು ಹನಿಯೂ ಆವಿಯಾಗದೆ ವರ್ಷವಿಡೀ ಅಷ್ಟೂ ಬಂದರೂ ಅದು ಸುಮಾರು 40,000 ಎಕರೆಯ ಒಂದು ಭತ್ತದ ಬೆಳೆಗಷ್ಟೇ ಸರಿಹೋಗುತ್ತದೆ.

‘ಹನಿ ನೀರಾವರಿ ಹಾಕಿಸಿದ್ದೇವಲ್ಲ’ ಎನ್ನುತ್ತೀರಿ. ಒಳ್ಳೆಯದೇ. ಆದರೆ ಉಳಿದ ನೀರಿನಲ್ಲಿ ಇನ್ನೊಂದು ಎಕರೆ ಟೊಮೆಟೊ ಹಾಕಿದರೆ ಬಿರುಕಿನಿಂದ ಮೇಲೆ ಬಂದ ನೀರು ಮೊದಲಿನಷ್ಟೇ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ, ಹಾಗಾಗಿ ಎತ್ತಿದ್ದು ಎಷ್ಟು ಎಂಬುದು ಬಿಲ್ಲಿನಲ್ಲೂ ಕಾಣುವುದಿಲ್ಲ. ನಮ್ಮ 2011ರ ಅಂತರ್ಜಲ ಕಾಯ್ದೆ ಅಧಿಸೂಚಿತ (ಸರ್ಕಾರ ಗುರುತಿಸಿದ) ಪ್ರದೇಶಗಳಲ್ಲಿ ಬಾವಿ ತೋಡಲು ಅನುಮತಿ ಕಡ್ಡಾಯ ಮಾಡಿದೆ. ಅನುಮತಿಯೊಂದರಿಂದಲೇ ಬೆಳೆ ಬದಲಾಗುವುದಿಲ್ಲ.

ಬೆಳೆ ಬದಲಾದದ್ದು ಮಹಾರಾಷ್ಟ್ರದ ಹಿವರೆ ಬಜಾರ್‌ನಲ್ಲಿ. ಅದೂ ಮಳೆ ಕಡಿಮೆಯ ಊರು. ಅಲ್ಲಿ ಮಳೆಯನ್ನೂ ಬಾವಿಗಳ ಮಟ್ಟವನ್ನೂ ಅಳೆದು ಗ್ರಾಮಸಭೆಯಲ್ಲಿ ಲೆಕ್ಕ ಒಪ್ಪಿಸುತ್ತಾರೆ. ಜನರಿಗೆ, ದನಕರುಗಳಿಗೆ ಮೊದಲ ಪಾಲು. ಮಿಕ್ಕ ನೀರು ನೋಡಿ ಬೆಳೆಯ ತೀರ್ಮಾನ. ನೀರಾವರಿಗೆ ಬೋರ್‌ವೆಲ್ ಇಲ್ಲ, ಕಬ್ಬಿಲ್ಲ.

ನೀವೂ ಈ ವರ್ಷ ಮಳೆ ನಿಂತೊಡನೆ ಊರಿನ ನಾಲ್ಕು ಬೋರ್‌ವೆಲ್‌ಗಳ ನೀರಿನ ಮಟ್ಟ ಅಳೆದು ಪಂಚಾಯಿತಿ ಗೋಡೆಯ ಮೇಲೆ ಬರೆಸಿ. ಹಿಂಗಾರಿಗೆ ಏನು ಬೆಳೆಯಬೇಕು ಎಂಬ ಮಾತು ಆ ಗೋಡೆಯ ಮುಂದೆಯೇ ನಡೆಯಲಿ.