ಆಮ್ಲಜನಕದ ಲೆಕ್ಕ, ಪ್ರಬಂಧಗಳ ಲೆಕ್ಕ

2013ರ ನವೆಂಬರ್ 16ರಂದು ಭಾರತರತ್ನ ಘೋಷಣೆಯಾದಾಗ ರಸಾಯನಶಾಸ್ತ್ರಜ್ಞ ಸಿ.ಎನ್.ಆರ್. ರಾವ್ ಅವರ ಹೆಸರು ಸಚಿನ್ ತೆಂಡೂಲ್ಕರ್ ಹೆಸರಿನ ಜೊತೆಯಲ್ಲೇ ಬಂತು. ತೆಂಡೂಲ್ಕರ್ ಏನು ಮಾಡಿದ್ದಾರೆಂದು ಯಾರಿಗೂ ಹೇಳಬೇಕಿರಲಿಲ್ಲ. ರಾವ್ ಅವರ ವಿಷಯದಲ್ಲೂ ಸುದ್ದಿ ಕ್ರಿಕೆಟ್ಟಿನ ದಾರಿಯನ್ನೇ ಹಿಡಿಯಿತು: 1400ಕ್ಕೂ ಹೆಚ್ಚು ಸಂಶೋಧನಾ ಪ್ರಬಂಧ, 45 ಪುಸ್ತಕ. ಸ್ಕೋರು ಗೊತ್ತಾಯಿತು, ಆಟ ಗೊತ್ತಾಗಲಿಲ್ಲ.

ಆಟದ ಬಹುಪಾಲು ನಡೆದದ್ದು ಆಮ್ಲಜನಕ ಸೇರಿದ ಲೋಹದ ಸಂಯುಕ್ತಗಳಲ್ಲಿ, ಅಂದರೆ ಲೋಹದ ಆಕ್ಸೈಡ್‌ಗಳಲ್ಲಿ. ಕಬ್ಬಿಣದ ತುಕ್ಕು ಕೂಡ ಅದೇ ಕುಲದ್ದು, ನೋಡಲು ಆಕರ್ಷಕವೇನಲ್ಲ. ಆದರೆ ಮ್ಯಾಂಗನೀಸ್, ಕೋಬಾಲ್ಟ್, ತಾಮ್ರದಂಥ ಸಂಕ್ರಮಣ ಲೋಹಗಳಿಗೆ ಒಂದು ಗುಣವಿದೆ. ಒಂದೇ ಲೋಹ ಒಂದು ಕಡೆ ಮೂರು ಎಲೆಕ್ಟ್ರಾನ್ ಬಿಟ್ಟುಕೊಟ್ಟರೆ ಇನ್ನೊಂದು ಕಡೆ ನಾಲ್ಕು ಬಿಟ್ಟುಕೊಡುತ್ತದೆ. ಲ್ಯಾಂಥನಂ, ಮ್ಯಾಂಗನೀಸ್, ಆಮ್ಲಜನಕ ಸೇರಿದ ಲ್ಯಾಂಥನಂ ಮ್ಯಾಂಗನೈಟನ್ನೇ ನೋಡಿ. ಅದರೊಳಗೆ ವಿದ್ಯುತ್ ಸುಲಭವಾಗಿ ಹರಿಯುವುದಿಲ್ಲ. ಲ್ಯಾಂಥನಂನ ಸುಮಾರು ಮೂರನೇ ಒಂದು ಪಾಲು ತೆಗೆದು ಆ ಜಾಗಕ್ಕೆ ಒಂದು ಎಲೆಕ್ಟ್ರಾನ್ ಕಡಿಮೆ ಕೊಡುವ ಕ್ಯಾಲ್ಸಿಯಂ ಕೂರಿಸಿದರೆ ಚಾರ್ಜಿನ ಲೆಕ್ಕ ಸರಿದೂಗಿಸಲು ಅಷ್ಟೇ ಮ್ಯಾಂಗನೀಸ್ ಅಯಾನುಗಳು ಒಂದೊಂದು ಎಲೆಕ್ಟ್ರಾನ್ ಹೆಚ್ಚು ಕಳೆದುಕೊಳ್ಳುತ್ತವೆ. ಆಗ ಎಲೆಕ್ಟ್ರಾನುಗಳಿಗೆ ಒಂದು ಮ್ಯಾಂಗನೀಸಿನಿಂದ ಇನ್ನೊಂದಕ್ಕೆ ನೆಗೆಯಲು ಜಾಗ ಸಿಗುತ್ತದೆ. ತಂಪು ಮಾಡಿದರೆ ಅದೇ ಪದಾರ್ಥ ಲೋಹದಂತೆ ವಿದ್ಯುತ್ ಹರಿಸುತ್ತದೆ, ಅಯಸ್ಕಾಂತವೂ ಆಗುತ್ತದೆ. ಈ ಬದಲಾವಣೆ ಆಗುವ ಉಷ್ಣತೆಯ ಆಸುಪಾಸಿನಲ್ಲಿ ಹೊರಗಿನಿಂದ ಕಾಂತಕ್ಷೇತ್ರ ಒಡ್ಡಿದರೆ ವಿದ್ಯುತ್ ರೋಧ ಧಡಕ್ಕನೆ ಕುಸಿಯುತ್ತದೆ. 1990ರ ದಶಕದಲ್ಲಿ ಜಗತ್ತಿನಾದ್ಯಂತ ಇದರ ಬೆನ್ನುಹತ್ತಿದವರಲ್ಲಿ ರಾವ್ ಪ್ರಮುಖರು. ಆದರೆ ಇಂಥ ಆಕ್ಸೈಡ್‌ಗಳ ಮೇಲೆ ಅವರು ಕೈಯಿಟ್ಟದ್ದು ಅದಕ್ಕೂ ಬಹಳ ಮೊದಲು.

1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾವ್ ಮೈಸೂರು ವಿಶ್ವವಿದ್ಯಾಲಯದ ಪದವಿ, ಬನಾರಸ್‌ನ ಎಂ.ಎಸ್ಸಿ., ಅಮೆರಿಕದ ಪರ್ಡ್ಯೂನಲ್ಲಿ 1958ರ ಪಿಎಚ್.ಡಿ. ಮುಗಿಸಿ, ಬರ್ಕ್ಲಿಯಲ್ಲಿ ಸ್ವಲ್ಪ ಕಾಲ ಇದ್ದು, 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಆಗ ರಸಾಯನಶಾಸ್ತ್ರಜ್ಞರೆಂದರೆ ಹೆಚ್ಚಾಗಿ ದ್ರಾವಣ, ಅಣು ಎನ್ನುವವರು. ಘನವಸ್ತು ಭೌತಶಾಸ್ತ್ರದವರ ಪಾಲು. ರಾವ್ ಕೂಡ ಬೆಳಕಿನಿಂದ ಅಣುಗಳನ್ನು ಅರಿಯುವ ರೋಹಿತ ಅಧ್ಯಯನದಲ್ಲಿ ಪಳಗಿದವರೇ. 1963ರಲ್ಲಿ ಕಾನ್ಪುರದ ಐಐಟಿಗೆ ಹೋದರು, 1976ರಲ್ಲಿ ಮತ್ತೆ ಬೆಂಗಳೂರಿಗೆ ಮರಳಿ ಘನಸ್ಥಿತಿ ರಸಾಯನಶಾಸ್ತ್ರಕ್ಕೆಂದೇ ಒಂದು ವಿಭಾಗ ಕಟ್ಟಿದರು.

ಆ ವಿಭಾಗಕ್ಕೆ ಪರೀಕ್ಷೆಯ ಕಾಲ ಬಂದದ್ದು 1987ರಲ್ಲಿ. ಹಿಂದಿನ ವರ್ಷ ಜ್ಯೂರಿಕ್‌ನಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್, ಲ್ಯಾಂಥನಂ, ಬೇರಿಯಂ ಮತ್ತು ತಾಮ್ರದ ಆಕ್ಸೈಡ್‌ನಲ್ಲಿ ಸುಮಾರು 30 ಕೆಲ್ವಿನ್‌ಗೆ (ಮೈನಸ್ 243 ಡಿಗ್ರಿ ಸೆಲ್ಸಿಯಸ್) ಅತಿವಾಹಕತೆಯ, ಅಂದರೆ ವಿದ್ಯುತ್ ಒಂದಿಷ್ಟೂ ರೋಧವಿಲ್ಲದೆ ಹರಿಯುವ ಗುಣದ, ಸುಳಿವು ಕಂಡಿದ್ದರು. ಅದರ ಮೂಲ ಸಂಯುಕ್ತವಾದ ಲ್ಯಾಂಥನಂ ತಾಮ್ರದ ಆಕ್ಸೈಡ್ ಬೆಂಗಳೂರಿಗೆ ಹೊಸದೇನಲ್ಲ. ರಾವ್ ಮತ್ತು ಅವರ ಸಹೋದ್ಯೋಗಿ ಪಿ. ಗಂಗೂಲಿ ಅಂಥ ಪದರ ರಚನೆಯ ಆಕ್ಸೈಡ್‌ಗಳ ಬಗ್ಗೆ 1984ರಲ್ಲೇ ವಿಸ್ತಾರವಾದ ಸಮೀಕ್ಷೆ ಬರೆದಿದ್ದರು. ಅವರು ನೋಡುತ್ತಿದ್ದದ್ದು ಅದರ ಸ್ಫಟಿಕ ರಚನೆಯನ್ನು, ಕಾಂತಗುಣವನ್ನು. ನೊಬೆಲ್ ಜ್ಯೂರಿಕ್‌ಗೆ ಹೋಯಿತು; ನ್ಯಾಯವಾಗಿಯೇ ಹೋಯಿತು ಅನ್ನಬೇಕು.

1987ರ ಮಾರ್ಚ್‌ನಲ್ಲಿ ಅಮೆರಿಕದಿಂದ ಇನ್ನೂ ದೊಡ್ಡ ಸುದ್ದಿ ಬಂತು: ಲ್ಯಾಂಥನಂ ಬದಲು ಇಟ್ರಿಯಂ ಹಾಕಿದರೆ 90 ಕೆಲ್ವಿನ್ ದಾಟುತ್ತದೆ! ದ್ರವ ನೈಟ್ರೋಜನ್ ಕುದಿಯುವುದು 77ಕ್ಕೆ. ಎಂದರೆ ತಂಪು ಮಾಡಲು ದುಬಾರಿ ದ್ರವ ಹೀಲಿಯಂ ಇನ್ನು ಬೇಡ. ಆದರೆ ಆ ಮಾದರಿ ಹಸಿರು, ಕಪ್ಪು ಎರಡೂ ಸೇರಿದ ಮಿಶ್ರಣ. ಅತಿವಾಹಕ ಯಾವುದು? ಇದನ್ನು ಬಿಡಿಸಲು ಯಾವ ಧಾತು ಎಷ್ಟು ಪಾಲು, ಯಾವ ಜಾಗದಲ್ಲಿ ಎಂದು ಬಲ್ಲವರು ಬೇಕಿತ್ತು. ಹಲವು ಪ್ರಯೋಗಾಲಯಗಳು ಹೆಚ್ಚುಕಡಿಮೆ ಒಟ್ಟಿಗೇ ಉತ್ತರ ಮುಟ್ಟಿದವು, ಬೆಂಗಳೂರು ಅವುಗಳಲ್ಲೊಂದು. ರಾವ್ ತಂಡದ ಪ್ರಬಂಧ ಅದೇ ವರ್ಷ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಹಸಿರು ವಿದ್ಯುತ್ ಹರಿಯದ ಬರಿಯ ನಿರೋಧಕ. ಕಪ್ಪಿನಲ್ಲಿ ಒಂದು ಇಟ್ರಿಯಂಗೆ ಎರಡು ಬೇರಿಯಂ, ಮೂರು ತಾಮ್ರ, ಏಳರ ಹತ್ತಿರ ಆಮ್ಲಜನಕ. ಈ ಕೊನೆಯ ಅಂಕಿಯಲ್ಲೇ ಇಡೀ ಗುಟ್ಟಿದೆ: ಆಮ್ಲಜನಕ ಏಳರಿಂದ ಆರಕ್ಕೆ ಇಳಿದರೆ ಅತಿವಾಹಕತೆ ಮಾಯ, ಉಳಿಯುವುದು ನಿರೋಧಕ. ಅದಕ್ಕೇ ಕುಲುಮೆಯಿಂದ ತೆಗೆಯುವ ಮುನ್ನ ಆಮ್ಲಜನಕ ಹಾಯಿಸುತ್ತ ನಿಧಾನವಾಗಿ ಆರಿಸಬೇಕು.

ಪ್ರಬಂಧಗಳ ಲೆಕ್ಕಕ್ಕೆ ಮರಳಿದರೆ, ಅದರಲ್ಲಿ ಮುಜುಗರದ ಪುಟವೂ ಇದೆ. 2011ರಲ್ಲಿ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ) ಕುರಿತ ಒಂದು ಪ್ರಬಂಧದಲ್ಲಿ ಬೇರೆಯವರ ವಾಕ್ಯಗಳು ಹಾಗೇ ಬಂದದ್ದು ಪತ್ತೆಯಾಗಿ ಲೇಖಕರು ಕ್ಷಮೆ ಕೇಳಿದರು. ನಕಲಾದದ್ದು ವಾಕ್ಯಗಳು, ಫಲಿತಾಂಶಗಳಲ್ಲ ಎಂಬ ಸಮಜಾಯಿಷಿ ಬಂತು. ಆದರೂ ಅಷ್ಟು ದೊಡ್ಡ ತಂಡ, ಅಷ್ಟು ವೇಗದ ಬರವಣಿಗೆ ಇದ್ದಲ್ಲಿ ಎಲ್ಲ ಸಾಲುಗಳ ಮೇಲೂ ಹಿರಿಯರ ಕಣ್ಣು ಬಿದ್ದಿರುತ್ತದೆಯೇ ಎಂಬ ಪ್ರಶ್ನೆ ನನಗಂತೂ ಉಳಿದಿದೆ.

ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ 1984ರಿಂದ 1994ರವರೆಗೆ ಇದ್ದ ರಾವ್, ಆ ನಡುವೆಯೇ 1989ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಅಡಿಪಾಯ ಹಾಕಿದರು. ಪ್ರಧಾನಿಯ ವಿಜ್ಞಾನ ಸಲಹಾ ಮಂಡಳಿಯ ಅಧ್ಯಕ್ಷತೆಯನ್ನೂ ಎರಡು ಅವಧಿಯಲ್ಲಿ ವಹಿಸಿಕೊಂಡರು. ಅರವತ್ತು ದಾಟಿದ ಮೇಲೆ ಅಷ್ಟರಲ್ಲೇ ತೃಪ್ತರಾಗಿ ಕೂರಬಹುದಿತ್ತು. ಅವರು ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ನ್ಯಾನೋ ಕೊಳವೆಗಳಿಗೆ ಹೊರಳಿದರು. ಜಕ್ಕೂರಿನಲ್ಲಿ ಇಂಗ್ಲಿಷಿನ ‘ವೈ’ ಅಕ್ಷರದಂತೆ ಕವಲೊಡೆದ ಕಾರ್ಬನ್ ಕೊಳವೆಗಳನ್ನು ಬೆಳೆಸಿದರು, ಕಾರ್ಬನ್ ಬಿಟ್ಟು ಮಾಲಿಬ್ಡಿನಂ ಸಲ್ಫೈಡಿನಂಥ ಪದರ ಪದಾರ್ಥಗಳಿಂದಲೂ ಕೊಳವೆ ಮಾಡಿದರು.