ಟೊಸ್ಕನಿನಿ ಒಂದೇ ರಾತ್ರಿಯಲ್ಲಿ ಕಂಡಕ್ಟರ್ ಆದರಾ?

ಪ್ರಶ್ನೆ: ಆರ್ಕೆಸ್ಟ್ರಾದಲ್ಲಿ ವಾದ್ಯ ನುಡಿಸುತ್ತಿದ್ದವರು, ಎಲ್ಲರ ಮುಂದೆ ನಿಂತು ಕೈಸನ್ನೆಯಿಂದ ಅವರನ್ನು ನಡೆಸುವ ಕಂಡಕ್ಟರ್ ಆಗುವುದು ಹೇಗೆ? ಇಟಲಿಯ ಟೊಸ್ಕನಿನಿ ಚೆಲ್ಲೊ (ಕೂತು ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ) ಪಕ್ಕಕ್ಕಿಟ್ಟು, ಕೋಲು ಹಿಡಿದು, ಒಂದೇ ರಾತ್ರಿಯಲ್ಲಿ ಕಂಡಕ್ಟರ್ ಆದರಂತೆ. ನಿಜವೇ?

ಉತ್ತರ: ಇದಕ್ಕೆ ಹಿಂದೆಯೂ ಉತ್ತರ ಬರೆದಿದ್ದೇನೆ. ಆದರೂ ಆ ‘ಒಂದೇ ರಾತ್ರಿ’ ಮಾತ್ರ ಬಿಡದೆ ವಾಪಸ್ ಬರುತ್ತಲೇ ಇದೆ. ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ದೊಡ್ಡ ಕಂಡಕ್ಟರ್‌ಗಳಲ್ಲಿ ಬಹಳಷ್ಟು ಜನ ವಾದ್ಯದಿಂದಲೇ ಬಂದವರು. ಕುಸೆವಿಟ್‌ಸ್ಕಿ ಡಬಲ್ ಬಾಸ್ ನುಡಿಸುತ್ತಿದ್ದರು, ಹೈಟಿಂಕ್ ಪಿಟೀಲು, ಸೈಮನ್ ರ‍್ಯಾಟಲ್ ತಾಳವಾದ್ಯ. ಇದರಲ್ಲಿ ಅಚ್ಚರಿಯೇನೂ ಇಲ್ಲ.

ಈಗ ಆ ರಾತ್ರಿಗೆ ಬರೋಣ. 1886ರ ಜೂನ್ 30, ಬ್ರೆಜಿಲ್‌ನ ರಿಯೊ ಡಿ ಜನೈರೊ. ಇಟಲಿಯ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಕಂಪನಿಯೊಂದು ಅಲ್ಲಿಗೆ ಬಂದಿತ್ತು. ಕಂಪನಿಯವರಿಗೂ ಅಲ್ಲಿನ ಕಂಡಕ್ಟರ್‌ಗೂ ಜಗಳವಾಗಿ ಆ ಕಂಡಕ್ಟರ್ ಬಿಟ್ಟುಹೋದರು. ಅವತ್ತು ಇಟಲಿಯ ಸಂಗೀತ ರಚನಕಾರ ವೆರ್ದಿಯ ‘ಐದಾ’ ಒಪೆರಾ ಇತ್ತು. ಬದಲಿಗೆ ನಿಂತವರನ್ನು ಜನ ಕೂಗಿ, ಗಲಾಟೆ ಮಾಡಿ ಕೆಳಗಿಳಿಸಿದರು. ಆಗ ಕಂಪನಿಯವರೇ ಒತ್ತಾಯ ಮಾಡಿ, ಚೆಲ್ಲೊ ನುಡಿಸುತ್ತಿದ್ದ 19 ವರ್ಷದ ಹುಡುಗನನ್ನು ಮುಂದೆ ನಿಲ್ಲಿಸಿದರು. ಪುಸ್ತಕ ನೋಡದೆ ಇಡೀ ಒಪೆರಾ ನಡೆಸಿಕೊಟ್ಟರು ಅರ್ತುರೊ ಟೊಸ್ಕನಿನಿ. ಇಷ್ಟೂ ನಿಜ.

ತಪ್ಪು ಶುರುವಾಗುವುದು ಇದರ ಮುಂದಿನ ಮಾತಿನಲ್ಲಿ. ‘ಏನೂ ತಯಾರಿ ಇಲ್ಲದೆ’ ಅಂತ ಒಬ್ಬರು ಸೇರಿಸುತ್ತಾರೆ, ‘ಪವಾಡ’ ಅಂತ ಇನ್ನೊಬ್ಬರು. ತಯಾರಿ ಇಲ್ಲದೆ? ಟೊಸ್ಕನಿನಿ ಪಾರ್ಮಾದ ಸಂಗೀತ ಶಾಲೆಗೆ ಸೇರಿದ್ದು 9ನೇ ವಯಸ್ಸಿಗೆ, ಮುಗಿಸಿದ್ದು 1885ರಲ್ಲಿ. ಅಲ್ಲಿ ಚೆಲ್ಲೊ ಜೊತೆಗೆ ಸಂಗೀತ ರಚನೆಯನ್ನೂ ಕಲಿತರು. ಇನ್ನೂ ಓದುತ್ತಿರುವಾಗಲೇ ಊರಿನ ಒಪೆರಾ ಆರ್ಕೆಸ್ಟ್ರಾದಲ್ಲಿ ಕೂತು ನುಡಿಸುತ್ತಿದ್ದರು. ಬ್ರೆಜಿಲ್‌ಗೆ ಹೋದದ್ದೂ ಬರೀ ಚೆಲ್ಲೊ ಹುಡುಗನಾಗಿ ಅಲ್ಲ. ಕೋರಸ್‌ನವರಿಗೆ ಹಾಡಿಸಿ ಕಲಿಸುವ ಸಹಾಯಕನ ಕೆಲಸವೂ ಅವರದ್ದೇ ಆಗಿತ್ತು. ಈ ಎರಡನೇ ಕೆಲಸದ ವಿಷಯವನ್ನು ಕಥೆ ಹೇಳುವವರು ಯಾಕೆ ಬಿಟ್ಟುಬಿಡುತ್ತಾರೋ, ನನಗೆ ಬೇಸರವಾಗುತ್ತದೆ. ಇಡೀ ಕಥೆ ನಿಂತಿರುವುದೇ ಅದರ ಮೇಲೆ. ಕಂಪನಿಯವರು ಆ ಹುಡುಗನ ಹೆಸರು ಹೇಳಿದ್ದು ಯಾಕೆ? ಐದಾ ಅವನಿಗೆ ಬಾಯಿಪಾಠ ಅಂತ ಅವರಿಗೆ ಗೊತ್ತಿತ್ತು.

ಬಾಯಿಪಾಠ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಚೆಲ್ಲೊದವರ ಮುಂದಿರುವ ಹಾಳೆಯಲ್ಲಿ ಚೆಲ್ಲೊ ನುಡಿಸಬೇಕಾದ್ದು ಮಾತ್ರ ಬರೆದಿರುತ್ತದೆ. ತಮಗೆ ಕೆಲಸ ಇಲ್ಲದ ಕಡೆ ತಾಳ ಎಣಿಸುತ್ತಾ ಕೂರಬೇಕು. ಕಂಡಕ್ಟರ್ ಮುಂದಿರುವ ಸ್ಕೋರ್‌ನಲ್ಲಿ ಕೊಳಲಿನಿಂದ ಡಬಲ್ ಬಾಸ್‌ವರೆಗೆ ಎಲ್ಲರದ್ದೂ ಒಂದರ ಕೆಳಗೊಂದು ಇರುತ್ತದೆ. ಚೆಲ್ಲೊ ಹಾಳೆ ಎಷ್ಟು ಸಲ ನುಡಿಸಿದರೂ ಸ್ಕೋರ್ ತಲೆಯೊಳಗೆ ಬರುವುದಿಲ್ಲ. ಅದನ್ನು ಬೇರೆಯಾಗಿಯೇ ಕೂತು ಓದಬೇಕು. ಟೊಸ್ಕನಿನಿ ಓದಿದ್ದರು. ಅವರ ಕಣ್ಣಿನ ದೃಷ್ಟಿ ಬಹಳ ಮಂದ ಇತ್ತು. ಸ್ಟ್ಯಾಂಡಿನ ಮೇಲಿನ ಪುಸ್ತಕ ನಿಂತಲ್ಲಿಂದ ಕಾಣುತ್ತಿರಲಿಲ್ಲ. ಹಾಗಾಗಿ ಜೀವನಪೂರ್ತಿ ಎಲ್ಲವನ್ನೂ ನೆನಪಿನಿಂದಲೇ ನಡೆಸಿದರು.

ಇನ್ನೊಂದು ಸಂಗತಿ ಗಮನಿಸಿ. ಐದಾ ಶುರುವಾಗುವುದು ಡೋಲು ಕಹಳೆಗಳಿಂದಲ್ಲ. ಸದ್ದು ತಗ್ಗಿಸಿದ ಪಿಟೀಲುಗಳು ಮಾತ್ರ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ. ಆಗಷ್ಟೇ ಕೂಗಾಡುತ್ತಿದ್ದ ಸಭೆಯ ಮುಂದೆ ಅದನ್ನು ಎತ್ತಿಕೊಳ್ಳಬೇಕು. ಪಿಟೀಲಿನವರು ಎದುರಿಗಿರುವವರನ್ನು ನಂಬದಿದ್ದರೆ ಆ ಎಳೆ ಅಲ್ಲೇ ಹರಿದುಹೋಗುತ್ತದೆ. ಅಂಥ ನಂಬಿಕೆ ಅದೃಷ್ಟದಿಂದ ಬರುವುದಿಲ್ಲ, ಅಲ್ವಾ?

ಸರಿ, ಆ ರಾತ್ರಿಯೇ ಅವರು ಕಂಡಕ್ಟರ್ ಆಗಿಬಿಟ್ಟರು ಅಂತಿಟ್ಟುಕೊಳ್ಳಿ. ಹಾಗಾದರೆ ಮುಂದಿನ ವರ್ಷ ಏನು ಮಾಡುತ್ತಿದ್ದರು? ಮತ್ತೆ ಚೆಲ್ಲೊ! 1887ರ ಫೆಬ್ರವರಿಯಲ್ಲಿ ಮಿಲಾನ್‌ನ ಲಾ ಸ್ಕಾಲಾ ಒಪೆರಾ ಮಂದಿರದಲ್ಲಿ ವೆರ್ದಿಯ ‘ಒತೆಲ್ಲೊ’ ಮೊದಲ ಸಲ ಪ್ರದರ್ಶನವಾದಾಗ, ಟೊಸ್ಕನಿನಿ ಚೆಲ್ಲೊ ಸಾಲಿನಲ್ಲಿದ್ದರು. ಅಷ್ಟು ಹೊತ್ತಿಗೆ ಟ್ಯೂರಿನ್‌ನಲ್ಲಿ ಒಂದು ಒಪೆರಾ ನಡೆಸಿ ಹೆಸರನ್ನೂ ಮಾಡಿದ್ದರು. ಆದರೂ ಹೋಗಿ ಕೂತರು. ವೆರ್ದಿ ಖುದ್ದಾಗಿ ತಾಲೀಮು ಮಾಡಿಸುವುದನ್ನು ಹತ್ತಿರದಿಂದ ನೋಡಬೇಕಿತ್ತು. ಆ ಒಪೆರಾದ ಮೊದಲ ಅಂಕದ ಕೊನೆಯ ಪ್ರೇಮಗೀತೆಗೆ ಮುಂಚೆ ಚೆಲ್ಲೊಗಳೇ ನುಡಿಸುವ ಜಾಗ ಒಂದಿದೆ. ಸಿಕ್ಕರೆ ಕೇಳಿ. ಲಾ ಸ್ಕಾಲಾದ ಮುಖ್ಯ ಕಂಡಕ್ಟರ್ ಜಾಗ ಅವರಿಗೆ ಸಿಕ್ಕಿದ್ದು 1898ರಲ್ಲಿ. ರಿಯೊ ಆಗಿ ಹನ್ನೆರಡು ವರ್ಷಕ್ಕೆ.

ಯಾರೂ ಕೇಳದ ಪ್ರಶ್ನೆಯೊಂದಿದೆ. ಅದನ್ನೂ ಹೇಳಿಬಿಡುತ್ತೇನೆ. ಕಂಡಕ್ಟರ್ ಆಗಬೇಕು ಅನ್ನುವವರು ಅಭ್ಯಾಸ ಮಾಡುವುದು ಎಲ್ಲಿ? ಚೆಲ್ಲೊದವರು ಮನೆಯಲ್ಲಿ ಬಾಗಿಲು ಹಾಕಿಕೊಂಡು ದಿನವಿಡೀ ಸಾಧನೆ ಮಾಡಬಹುದು. ಇವರ ವಾದ್ಯ ಎಂದರೆ ಎಂಬತ್ತೋ ನೂರೋ ಜನ. ಅವರನ್ನು ಮನೆಗೆ ಕರೆತರಲು ಆಗುವುದಿಲ್ಲ. ಹಾಗಾಗಿ ಬೇರೆಯವರು ನಡೆಸುವುದನ್ನು ನೋಡಿಯೇ ಜಾಸ್ತಿ ಕಲಿಯಬೇಕು. ವಾದ್ಯ ಗೊತ್ತಿದ್ದರೆ ಆರ್ಕೆಸ್ಟ್ರಾದ ಒಳಗೇ ಒಂದು ಕುರ್ಚಿ ಸಿಗುತ್ತದೆ. ಇದು ದೊಡ್ಡ ಲಾಭ.

ಕುರ್ಚಿ ಸಿಗದಿದ್ದರೆ? ಮುಂಬೈನ ಜುಬಿನ್ ಮೆಹ್ತಾ ಅವರನ್ನು ನೋಡಿ. ತಂದೆ ಮೆಹ್ಲಿ ಮೆಹ್ತಾ ಪಿಟೀಲು ವಾದಕರು, ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದವರು. ಮಗ ಡಾಕ್ಟರಿಕೆಯ ಓದು ಬಿಟ್ಟು 1954ರಲ್ಲಿ ವಿಯೆನ್ನಾಕ್ಕೆ ಹೋದರು. ಅಲ್ಲಿ ಡಬಲ್ ಬಾಸ್ ನುಡಿಸಿದರು, ಹಾನ್ಸ್ ಸ್ವರೋವ್‌ಸ್ಕಿ ಅವರ ಹತ್ತಿರ ಕಂಡಕ್ಟಿಂಗ್ ಕಲಿತರು. ದೊಡ್ಡ ಕಂಡಕ್ಟರ್‌ಗಳ ತಾಲೀಮು ನೋಡಲು ಹೊರಗಿನವರಿಗೆ ಪ್ರವೇಶ ಇರಲಿಲ್ಲ. ಜುಬಿನ್ ಮತ್ತು ಸಹಪಾಠಿ ಕ್ಲಾಡಿಯೊ ಅಬ್ಬಾಡೊ ಒಂದು ದಾರಿ ಹುಡುಕಿದರು. ಇಬ್ಬರೂ ಅಲ್ಲಿನ ಗಾಯನ ತಂಡಕ್ಕೆ ಸೇರಿಕೊಂಡರು. ಮಂದ್ರ ದನಿಯವರ ಸಾಲಿನಲ್ಲಿ ನಿಂತು ಹಾಡುತ್ತಾ, ಎದುರಿಗಿದ್ದ ಬ್ರೂನೊ ವಾಲ್ಟರ್, ಕಾರಾಯಾನ್ ಅವರಂಥವರ ಕೈಯನ್ನೇ ನೋಡುತ್ತಿದ್ದರು. 1958ರಲ್ಲಿ ಲಿವರ್‌ಪೂಲ್‌ನ ಕಂಡಕ್ಟರ್‌ಗಳ ಸ್ಪರ್ಧೆಯಲ್ಲಿ ಜುಬಿನ್ ಗೆದ್ದರು. 1962ರಲ್ಲಿ ಲಾಸ್ ಏಂಜಲೀಸ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ ಅವರ ಕೈಗೆ ಬಂತು. ಅಬ್ಬಾಡೊ 1989ರಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್‌ಗೆ ಆಯ್ಕೆಯಾದರು, ಅದೂ ಕಾರಾಯಾನ್ ಇದ್ದ ಜಾಗಕ್ಕೆ.